ಒರೆಯೆಂಬ ಶಬ್ದವೂ ಬೆಳಕಿನ ಉಷ್ಣಮಾಪನವೂ

ಅಳೆಯುವ ಉಪಕರಣವನ್ನು ಪ್ರಮಾಣಸಿದ್ಧವಾದ ವಸ್ತುವಿನೊಡನೆ ಹೋಲಿಸಿ ಅದರ ಗುರುತುಗಳಿಗೆ ಬೆಲೆಯನ್ನು ಗೊತ್ತುಮಾಡುವ ಕ್ರಿಯೆಗೆ ವಿಜ್ಞಾನಗ್ರಂಥಗಳಲ್ಲಿ ‘ಮಾಪನಾಂಕನಿರ್ಣಯ’ವೆಂಬ ಪದವು ಬಳಕೆಯಲ್ಲಿದೆ. ಸಮಾಸದಲ್ಲಿ ದೋಷವಿಲ್ಲ; ಆದರೆ ಕೇಳಿದೊಡನೆ ಅರ್ಥವು ಹೊಳೆಯದು. ದೇಶ್ಯವಾದ ‘ಒರೆ’ಯು ಈ ಭಾರವನ್ನು ಹೊರಬಲ್ಲುದೆ ಎಂಬುದನ್ನು, ಲೇಸರಿನಿಂದ ಹುಟ್ಟಿಸಿದ ಆಘಾತತರಂಗದ ಉಷ್ಣತೆಯನ್ನು ಅಳೆಯುವ ನಿದರ್ಶನದಲ್ಲಿ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಕೋಗಿಲಿನಲ್ಲಿ ನಮ್ಮ ಮನೆಯ ಸಮೀಪದ ಅಕ್ಕಸಾಲಿಯೊಬ್ಬರು ಒಡವೆಯನ್ನು ಕಲ್ಲಿನ ಮೇಲೆ ಉಜ್ಜಿ, ಅದರ ಪಕ್ಕದಲ್ಲಿ ಗುಣವು ಗೊತ್ತಿರುವ ಚಿನ್ನದಿಂದ ಮತ್ತೊಂದು ಗೆರೆಯನ್ನೆಳೆದು, ಎರಡರ ಬಣ್ಣವನ್ನೂ ಹೋಲಿಸುವುದನ್ನು ಕಂಡಿದ್ದೇನೆ. ಕಲ್ಲಿಗೆ ಏನೂ ತಿಳಿಯದು. ಗೊತ್ತಿರುವ ಗೆರೆಯೇ ಪ್ರಮಾಣ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಿಕಷದ, ಅಂದರೆ ಒರೆಗಲ್ಲಿನ, ವಿಚಾರವುಂಟು. ಲೀಲಾವತಿಯಲ್ಲಿ ಚಿನ್ನದ ಶುದ್ಧಿಗೆ ‘ವರ್ಣ’ವೆಂದೇ ಹೆಸರು.

ಇನ್ನು ನಿದರ್ಶನಕ್ಕೆ ಬರೋಣ. ತೀವ್ರವಾದ ಲೇಸರ್ ಬೆಳಕು ಬಿದ್ದೊಡನೆ ಪದಾರ್ಥದ ಮೇಲ್ಪದರವು ಸಿಡಿದುಹೋಗಿ, ಆ ಒದೆತಕ್ಕೆ ಆಘಾತತರಂಗವು ಒಳಕ್ಕೆ ನುಗ್ಗುತ್ತದೆ. ದೊಡ್ಡ ಗ್ರಹಗಳ ಗರ್ಭದಲ್ಲಿರುವಂತಹ ಒತ್ತಡವು ಕೆಲವೇ ನ್ಯಾನೋಸೆಕೆಂಡು, ಎಂದರೆ ಸೆಕೆಂಡಿನ ನೂರು ಕೋಟಿಯ ಕೆಲವೇ ಪಾಲು ಕಾಲ, ನಿಲ್ಲುತ್ತದೆ. ಅಲ್ಲಿ ಉಷ್ಣಮಾಪಕವನ್ನಿಡುವುದು ಅಶಕ್ಯ; ಹೊಮ್ಮುವ ಬೆಳಕೊಂದೇ ಸಾಕ್ಷಿ. ಸ್ಟ್ರೀಕ್ ಕ್ಯಾಮೆರಾ ಎಂಬ ಯಂತ್ರವು ಆ ಬೆಳಕನ್ನು ಕಾಲಕ್ರಮದಲ್ಲಿ ಹರಡಿ ಗೆರೆಯಾಗಿ ಬರೆಯುತ್ತದೆ.

ಇದರ ಪಕ್ಕದಲ್ಲಿಡತಕ್ಕ ಗೊತ್ತಿರುವ ಗೆರೆ ಯಾವುದು? ಅಮೆರಿಕದ ರಾಚೆಸ್ಟರಿನ ಒಮೇಗ ಲೇಸರಿನಲ್ಲಿ ಟಂಗ್‌ಸ್ಟನ್ ದೀಪವನ್ನು ಪ್ರಮಾಣವಾಗಿಟ್ಟಿದ್ದಾರೆ. ಇಂತಹ ದೀಪಗಳಿಗೂ ಹಿಂದೆ ಮತ್ತೊಂದು ಪ್ರಮಾಣವುಂಟು. 1990ರ ಅಂತರರಾಷ್ಟ್ರೀಯ ಉಷ್ಣತಾಕ್ರಮದಂತೆ, ಹೆಚ್ಚಿನ ಉಷ್ಣತೆಗಳನ್ನು ಹೆಪ್ಪುಗಟ್ಟುವ ಬೆಳ್ಳಿ, ಚಿನ್ನ ಅಥವಾ ತಾಮ್ರದ ಉಷ್ಣತೆಯಲ್ಲಿ ಹೊಮ್ಮುವ ಬೆಳಕಿನಿಂದ, ಪ್ಲಾಂಕನು 1900ರಲ್ಲಿ ಕಂಡುಕೊಂಡ ಸೂತ್ರದ ಮೂಲಕ ಗಣಿಸಬೇಕು. ಚಿನ್ನವು ಹೆಪ್ಪುಗಟ್ಟುವುದು 1064.18 ಡಿಗ್ರಿ ಸೆಲ್ಸಿಯಸಿನಲ್ಲಿ. ಒರೆಗೆ ಒಳಗಾಗುತ್ತಿದ್ದ ಚಿನ್ನವೇ ಇಲ್ಲಿ ಒರೆಯ ಪ್ರಮಾಣವಾಗಿರುವುದು ಶಬ್ದಪ್ರಿಯರಿಗೆ ಸಂತೋಷವನ್ನುಂಟುಮಾಡದಿರದು.

ಆದರೆ ತೊಡಕು ಇಲ್ಲಿಯೇ ಇದೆ. ಕಲ್ಲಿನ ಮೇಲಣ ಎರಡು ಗೆರೆಗಳು ಬಹುಮಟ್ಟಿಗೆ ಸಮಾನವಾದುವು. 650 ನ್ಯಾನೋಮೀಟರ್ ಅಲೆಯ ಕೆಂಪು ಬೆಳಕಿನಲ್ಲಿ ನೋಡಿದರೆ, 10,000 ಕೆಲ್ವಿನ್ ಉಷ್ಣತೆಯ ವಸ್ತುವು ಹೆಪ್ಪುಗಟ್ಟುವ ಚಿನ್ನದ ಉಷ್ಣತೆಯದಕ್ಕಿಂತ ಸುಮಾರು 19 ಲಕ್ಷ ಪಾಲು ಹೆಚ್ಚಾಗಿ ಬೆಳಗುತ್ತದೆ. ಬೆಳಕಿನ ಅಳತೆಯಲ್ಲಿ ನೂರಕ್ಕೆ 10 ಪಾಲು ತಪ್ಪಾದರೆ, ಚಿನ್ನದ ಬಳಿ ಉಷ್ಣತೆಯು 8 ಡಿಗ್ರಿಯಷ್ಟು ಮಾತ್ರ ತಪ್ಪುತ್ತದೆ. 10,000ದ ಬಳಿ ಅದೇ ತಪ್ಪು ಸುಮಾರು 400 ಡಿಗ್ರಿಯಾಗುತ್ತದೆ. ದೀಪದ ಮಂದವಾದ ಬೆಳಕನ್ನು ಹೆಚ್ಚು ಹೊತ್ತು ಕೂಡಿಸಿಕೊಂಡು ಕಾಲದ ಅನುಪಾತದಿಂದ ಭಾಗಿಸಬೇಕಾಗುವುದರಿಂದ, ಯಂತ್ರವು ಬೆಳಕಿಗೆ ಸಮಪ್ರಮಾಣವಾಗಿ ಓಗೊಡುವುದೆಂಬುದನ್ನೂ ಬೇರೆಯಾಗಿಯೇ ಸಾಧಿಸಬೇಕು. ಇದಲ್ಲದೆ ಆಘಾತದ ಮುಖವು ಕನ್ನಡಿಯಂತೆ ಪ್ರತಿಫಲಿಸುವುದಾದರೆ ಅಷ್ಟರಮಟ್ಟಿಗೆ ಕಡಮೆ ಬೆಳಗುತ್ತದೆ. ಆ ಪ್ರತಿಫಲನವನ್ನು ಅಳೆದು ಲೆಕ್ಕಕ್ಕೆ ಸೇರಿಸದಿದ್ದರೆ ಗ್ರಹಗರ್ಭವು ನಿಜಕ್ಕಿಂತ ತಂಪೆಂದು ಎಣಿಸಲ್ಪಡುವುದು.

ಆದುದರಿಂದ ದೀಪದೊಡನೆ ಹೋಲಿಸುವ ಕ್ರಿಯೆಯನ್ನು ‘ಒರೆಹಚ್ಚುವುದು’ ಎಂದು ಧಾರಾಳವಾಗಿ ಕರೆಯಬಹುದು. ಗೊತ್ತಿರುವುದರಿಂದ ಅದರಾಚೆಗೆ ಲೆಕ್ಕವನ್ನು ಬೆಳೆಸುವ ಭಾಗಕ್ಕೆ ಈ ಮಾತು ಸಾಲದು. ಅಲ್ಲಿ ‘ಅಂಕನಿರ್ಣಯ’ವೇ ಇರಲಿ.