ನಿಬಂಧದಲ್ಲಿಲ್ಲದ ಆಲೆಮನೆ: ದೌಂಡದ ಇಂಗ್ಲಿಷ್ ಪಾಠ

ಮಹಾರಾಷ್ಟ್ರದ ಮರಾಠಿ ಶಾಲೆಗಳಲ್ಲಿ 2000ದವರೆಗೆ ಇಂಗ್ಲಿಷ್ ಐದನೇ ತರಗತಿಯಿಂದ ಶುರುವಾಗುತ್ತಿತ್ತು; ಆ ವರ್ಷದಿಂದ ಒಂದನೇ ತರಗತಿಗೇ ಬಂತು. ಪುಣೆ ಜಿಲ್ಲೆಯ ದೌಂಡ ತಾಲ್ಲೂಕಿನ ಜಿಲ್ಲಾ ಪರಿಷತ್ ಶಾಲೆಗಳಲ್ಲೂ ಇದೇ ಕ್ರಮ. ಪಠ್ಯಪುಸ್ತಕ ತಯಾರಿಸುವುದು 1967ರಲ್ಲಿ ಪುಣೆಯಲ್ಲಿ ಆರಂಭವಾದ ಬಾಲಭಾರತಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳಿಗೆ ಕನ್ನಡ ಪಠ್ಯ ಒದಗಿಸುವುದೂ ಇದೇ ಸಂಸ್ಥೆ.

ಈ ಜಿಲ್ಲೆಯಲ್ಲಿ ಇಂಗ್ಲಿಷಿನ ಹಂಬಲ ಇಂದಿನದಲ್ಲ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆ, 1854ರ ತಮ್ಮ ‘ಕಾವ್ಯಫುಲೆ’ ಸಂಕಲನದಲ್ಲಿ ಇಂಗ್ಲಿಷನ್ನು ತಾಯಿಯೆಂದೇ ಕರೆದರು. ಶೂದ್ರರಿಗೂ ಅತಿಶೂದ್ರರಿಗೂ ಜಾತಿಯ ಕಟ್ಟಿನಿಂದ ಹೊರಬರಲು ಅದು ದಾರಿ ಎಂಬುದು ಅವರ ನಿಲುವು. ಇಂದಿನ ಪಾಲಕರ ಲೆಕ್ಕ ನೌಕರಿಯದು, ಆದರೆ ಆಸೆ ಬಹುತೇಕ ಅದೇ.

ತೊಡಕಿರುವುದು ಅಭ್ಯಾಸದಲ್ಲಿ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಮರಾಠಿ. ಇಂಗ್ಲಿಷ್ ಕಿವಿಗೆ ಬೀಳುವುದು ಶಾಲೆಯ ಒಂದು ಪಿರಿಯಡ್ಡಿನಲ್ಲಿ ಮಾತ್ರ. ಕೇಳದ ಭಾಷೆಯನ್ನು ಮಗು ಬರೆದೇ ಕಲಿಯಬೇಕಾಗುತ್ತದೆ, ಬರೆಯುವುದೆಂದರೆ ಕೊನೆಗೆ ಕಂಠಪಾಠ. ‘ನನ್ನ ಹಳ್ಳಿ’ ಎಂಬ ನಿಬಂಧವನ್ನೇ ನೋಡಬಹುದು. ಗೈಡುಗಳಲ್ಲಿರುವ ಹಳ್ಳಿಯಲ್ಲಿ ಶುದ್ಧ ಗಾಳಿ, ಹಸಿರು ಮರ, ಸರಳ ಜನ. ದೌಂಡದ ಹಳ್ಳಿ ಹಾಗಿಲ್ಲ. ಭೀಮಾ ತೀರ, ಕಾಲುವೆ ನೀರು, ಕಬ್ಬು, ಬೆಲ್ಲದ ಹೊಗೆಯೇಳುವ ಆಲೆಮನೆಗಳು, ಮನ್ಮಾಡ ಮತ್ತು ಸೊಲ್ಲಾಪುರದ ಹಳಿಗಳು ಕವಲೊಡೆಯುವ ದೊಡ್ಡ ಜಂಕ್ಷನ್. ಕಲಬುರಗಿ ಕಡೆಯಿಂದ ಮುಂಬಯಿಗೆ ರೈಲಿನಲ್ಲಿ ಹೋಗುವವರೆಲ್ಲ ಈ ನಿಲ್ದಾಣ ಕಂಡವರೇ. ಇವುಗಳಲ್ಲಿ ಒಂದೂ ನಿಬಂಧಕ್ಕೆ ಬರುವುದಿಲ್ಲ. ರಸ ಹೇಗೆ ಕಾಯುತ್ತದೆ, ಬೆಲ್ಲ ಅಚ್ಚಿಗೆ ಹೇಗೆ ಬೀಳುತ್ತದೆ ಎಂಬುದು ಮಗುವಿಗೆ ಚೆನ್ನಾಗಿ ಗೊತ್ತು. ಅದನ್ನೇ ತಪ್ಪುತಪ್ಪಾದರೂ ಐದು ವಾಕ್ಯಗಳಲ್ಲಿ ಹೇಳಿಸುವುದು, ಬಾಯಿಪಾಠದ ಇಡೀ ಪುಟಕ್ಕಿಂತ ಒಳ್ಳೆಯ ಅಭ್ಯಾಸ.

ತಪ್ಪುಗಳಿಗೂ ಕಾರಣವಿದೆ. ಮರಾಠಿಯಲ್ಲಿ ರೈಲುಗಾಡಿ, ಕುರ್ಚಿ ಸ್ತ್ರೀಲಿಂಗ. ಹಾಗಾಗಿ ಮಗು ಅವನ್ನು ‘ಶೀ’ ಎಂದರೆ ಅಚ್ಚರಿಯಿಲ್ಲ. ವಸ್ತುಗಳೆಲ್ಲ ನಪುಂಸಕಲಿಂಗವಾಗಿರುವ ಕನ್ನಡದ ಮಗುವಿಗೆ ‘ಇಟ್’ ಸಲೀಸು. ‘ಎ’, ‘ದಿ’ ಎಂಬ ಪುಟ್ಟ ಪದಗಳು ಮಾತ್ರ ಇಬ್ಬರನ್ನೂ ಕಾಡುತ್ತವೆ. ಮಾತೃಭಾಷೆಯ ಜೊತೆ ಹೋಲಿಸಿ ತೋರಿಸುವ ಶಿಕ್ಷಕರಿದ್ದರೆ ಇಂಥವು ಬೇಗ ತಿದ್ದಿಕೊಳ್ಳುತ್ತವೆ. ತರಗತಿಯಲ್ಲಿ ಮರಾಠಿ ಆಡಲೇಬಾರದೆಂಬ ಹಟದಿಂದ ಮಕ್ಕಳು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ.

ಇನ್ನೊಂದು ಗುಂಪಿನ ಮಕ್ಕಳಿಗೆ ಈ ಅಭ್ಯಾಸವೂ ಪೂರ್ತಿ ದಕ್ಕುವುದಿಲ್ಲ. ಬೀಡ್, ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕಡೆಯಿಂದ ಕಬ್ಬು ಕಡಿಯಲು ಪುಣೆ ಜಿಲ್ಲೆಗೆ ಬರುವ ಕುಟುಂಬಗಳ ಮಕ್ಕಳು ಅವರು. ಅವರಿಗಾಗಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಬಳಿ ‘ಸಾಖರ್ ಶಾಳಾ’ ಎಂಬ ತಾತ್ಕಾಲಿಕ ಶಾಲೆಗಳು ನಡೆದದ್ದುಂಟು. ಕಬ್ಬಿನ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗಿ ಮಾರ್ಚ್, ಏಪ್ರಿಲ್‌ವರೆಗೂ ಎಳೆಯುತ್ತದೆ. ಅವರು ಊರಿಗೆ ಮರಳುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಬಂದುಬಿಟ್ಟಿರುತ್ತದೆ.