ಅಕ್ಕಿ ಅರ್ಧವಾದಾಗ ತೋಟದಲ್ಲಿ ಏನುಂಟು?

ನಮ್ಮದು ಪುತ್ತೂರು ಕಡೆಯ ಐದು ಜನರ ಸಂಸಾರ. ಮುಕ್ಕಾಲು ಎಕ್ರೆ ಅಡಿಕೆ ತೋಟ, ಬಿಪಿಎಲ್ ಕಾರ್ಡು. ಗದ್ದೆಯೆಲ್ಲ ಅಪ್ಪನ ಕಾಲದಲ್ಲೇ ತೋಟವಾಗಿದೆ. ಹಾಗಾಗಿ ಅಕ್ಕಿಗೆ ರೇಷನ್ ಅಂಗಡಿಯೇ ಗತಿ. ಕೊರೊನಾ ಬಂದಾಗ, 2020ರ ಏಪ್ರಿಲಿನಿಂದ, ಕೇಂದ್ರದ್ದು ತಲೆಗೆ 5 ಕಿಲೋ ಹೆಚ್ಚುವರಿ ಬರುತ್ತಿತ್ತು. 2022ರ ಡಿಸೆಂಬರಿಗೆ ಅದು ನಿಂತಿತು. ಮನೆಗೆ ಬರುವ ಅಕ್ಕಿ ಸುಮಾರು ಅರ್ಧಕ್ಕಿಳಿಯಿತು. ಉಣ್ಣುವವರು ಐದೇ ಜನ.

2023ರ ಜುಲೈಯಿಂದ ರಾಜ್ಯ ಸರಕಾರ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಬದಲಿಗೆ ದುಡ್ಡು ಕೊಟ್ಟಿತು. ಕಿಲೋಗೆ 34ರಂತೆ ತಲೆಗೆ 170 ರೂಪಾಯಿ, ನಮಗೆ 850. ಲೆಕ್ಕವೇನೋ ಸರಿ. ಆದರೆ 34 ರೂಪಾಯಿಗೆ ನಮ್ಮ ಪೇಟೆಯಲ್ಲಿ ಕುಚ್ಚಲಕ್ಕಿ ಸಿಕ್ಕಬೇಕಲ್ಲ? "ಅಕ್ಕಿಯಾದ್ರೆ ಅಡುಗೆಮನೆಗೇ ಬರ್ತದೆ, ದುಡ್ಡು ದಾರಿಯಲ್ಲೇ ಮುಗೀತದೆ" ಅಂತ ಮನೆಯವಳು ಹೇಳಿದ್ದು ಸುಳ್ಳಲ್ಲ.

ಕಷ್ಟ ಗೊತ್ತಾಗುವುದು ಆಟಿಯಲ್ಲಿ. ಮಳೆ ಹೊಯ್ಯುವಾಗ ಕೂಲಿ ಇಲ್ಲ, ಅಡಿಕೆ ಮಾರಿದ ಹಣವೂ ಮುಗಿದಿರುತ್ತದೆ. ಹಿರಿಯರು ಇದಕ್ಕೆಂದೇ ಉಪ್ಪುಸೊಳೆ ಹಾಕಿಡುತ್ತಿದ್ದರು. ಅಮ್ಮನ ಕೈಯಲ್ಲಿ ನಾವೂ ಪುನಃ ಸುರು ಮಾಡಿದೆವು. ಚೆನ್ನಾಗಿ ಬಲಿತ, ಹಣ್ಣಾಗದ ಹಲಸಿನಕಾಯಿ ಬೇಕು. ಸೊಳೆ ಬಿಡಿಸಿ, ಭರಣಿಯಲ್ಲಿ ಒಂದು ವರಸೆ ಸೊಳೆ, ಒಂದು ವರಸೆ ಕಲ್ಲುಪ್ಪು ಹಾಕಿ ಮೇಲೆ ಭಾರ ಇಡುವುದು. ಬಳಸುವ ಮೊದಲು ನೀರು ಬದಲಿಸುತ್ತಾ ಉಪ್ಪು ಬಿಡಿಸಬೇಕು. ಇದಕ್ಕೆ ಅವಸರ ಮಾಡಿದರೆ ತಿನ್ನಲಿಕ್ಕಾಗದು. ಅಕ್ಕಿ, ತೆಂಗಿನಕಾಯಿ ಸೇರಿಸಿ ರುಬ್ಬಿ ರೊಟ್ಟಿ ಮಾಡುತ್ತೇವೆ. ರೇಷನಿನ ಬೆಳ್ತಿಗೆ ಅಕ್ಕಿ ಇದಕ್ಕೆ ಒಳ್ಳೆಯದಾಗುತ್ತದೆ. ಬೆಳಗಿನ ತಿಂಡಿಗೆ ನಮ್ಮಲ್ಲಿ ಹಿಂದಿನ ಅರ್ಧದಷ್ಟು ಅಕ್ಕಿ ಸಾಕಾಯಿತು.

ತೋಟದ ಬದಿಯಲ್ಲಿ 40 ಬುಡ ಮರಗೆಣಸು ನೆಟ್ಟೆವು. ಮೊದಲ ಮಳೆಗೆ ಕೋಲು ಊರಿದರೆ ಹತ್ತು ತಿಂಗಳಿಗೆ ಗೆಡ್ಡೆ. ಬೇಯಿಸಿದ ನೀರು ಚೆಲ್ಲಲೇಬೇಕು, ಕಹಿ ಗೆಡ್ಡೆಯಾದರೆ ಅಡುಗೆಗೇ ಬೇಡ. ಹತ್ತು ಬುಡ ಹಂದಿಯ ಪಾಲು. ಕೆಸು, ಸುವರ್ಣಗಡ್ಡೆಯ ಸಂಗತಿ ಓದುಗರಿಗೆ ಗೊತ್ತೇ ಉಂಟು.

ಆದರೆ ಇದು ಜಾಗ ಇದ್ದವರ ಮಾತು. ನಮ್ಮಲ್ಲಿ ಅಡಿಕೆ ಸುಲಿಯಲು ಬರುವ ಅಕ್ಕನಿಗೆ ಇರುವುದು ಐದು ಸೆಂಟ್ಸು. "ಗೆಣಸು ನೆಡುದೆಲ್ಲಿ ಅಣ್ಣಾ, ಮಾಡಿನ ಮೇಲೆಯಾ?" ಅಂದರು. ಅಂಥವರಿಗೆ ಕಡಿಮೆಯಾದ ಒಂದೊಂದು ಕಿಲೋವೂ ಅಂಗಡಿಯ ಸಾಲವೇ. ಮರದಡಿ ಕೊಳೆಯುತ್ತಿದ್ದ ಹಲಸನ್ನು ಈಗ ಕಾಯಿ ಇರುವಾಗಲೇ ಕೊಯ್ದು ಅವರ ಮನೆಗೂ ಮುಟ್ಟಿಸುತ್ತೇವೆ. ತೆಂಗಿನಕಾಯಿಯೂ ಜೊತೆಗೆ ಹೋಗುತ್ತದೆ. ಅಷ್ಟರಿಂದ ಅವರ ತಿಂಗಳು ಸಾಗುವುದಿಲ್ಲ. ಅಕ್ಕಿ ಕಡಿತ ಮಾಡುವವರು ಅವರ ಅಂಗಳ ನೋಡಬೇಕು.

2025ರ ಫೆಬ್ರವರಿಯಿಂದ ದುಡ್ಡಿನ ಬದಲು ಪುನಃ ಅಕ್ಕಿಯೇ ಬಂತು. ಅದೇ ಅಕ್ಟೋಬರಿನಲ್ಲಿ, ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆಯ ಕಿಟ್ ಕೊಡುವುದೆಂದು ಸಚಿವ ಸಂಪುಟ ತೀರ್ಮಾನಿಸಿತು. ಬೇಳೆ ಬೇಡವೆಂದಲ್ಲ. ಬೇಳೆ ಹಾಕಿ ಉಣ್ಣಲು ಅನ್ನವೂ ಬೇಕಲ್ಲ!

ಅಮ್ಮ ಇನ್ನೊಂದು ಭರಣಿ ತರಿಸಿದ್ದಾರೆ. ಮರಗೆಣಸಿನ ಕೋಲು ನಮ್ಮಲ್ಲಿ ಹೆಚ್ಚಿದೆ. ಹತ್ತಿರದವರು ಮಳೆಗೆ ಮೊದಲೇ ಹೇಳಿದರೆ ಕಡಿದಿಡುತ್ತೇನೆ.