ಕಳ್ಳ ಆ ಕಡೆ, ಕ್ಯಾಮೆರಾ ಈ ಕಡೆ! ಎರಡು ಲೆನ್ಸ್ ಸಿಸಿ ಕ್ಯಾಮೆರಾ ಸರಿಯಾಗಿ ತಿರುಗದಿದ್ದರೆ ಹೀಗೆ ಮಾಡಿ

ದಾವಣಗೆರೆ: ಚನ್ನಗಿರಿಯ ಅಡಿಕೆ ಕಣದಿಂದ ಜಗಳೂರಿನ ಕಿರಾಣಿ ಅಂಗಡಿವರೆಗೆ ಈಗ ಎಲ್ಲೆಲ್ಲೂ ಎರಡು ಲೆನ್ಸ್‌ನ ಸಿಸಿ ಕ್ಯಾಮೆರಾ ಕಾಣುತ್ತಿವೆ. ‘ಮನುಷ್ಯ ಓಡಾಡಿದರೆ ಸಾಕು, ತಾನೇ ತಿರುಗಿ ಹಿಂದೆ ಹೋಗುತ್ತೆ’ ಅನ್ನೋ ಮಾತು ಕೇಳಿ ಕೊಂಡವರೇ ಹೆಚ್ಚು. ಆದರೆ ಕೆಲವು ತಿಂಗಳು ಕಳೆದ ಮೇಲೆ ಕ್ಯಾಮೆರಾ ಗೋಡೆ ನೋಡಿಕೊಂಡು ನಿಂತಿರುತ್ತದೆ, ಇಲ್ಲವೇ ಎದುರಿನ ಮರ ಅಲ್ಲಾಡಿದ್ದಕ್ಕೆಲ್ಲ ರಾತ್ರಿಯಿಡೀ ತಿರುಗುತ್ತಿರುತ್ತದೆ. ಕಳ್ಳತನ ಆದ ಮರುದಿನ ಮೊಬೈಲ್ ತೆಗೆದು ನೋಡಿದಾಗಲೇ ಇದು ಗೊತ್ತಾಗುವುದು.

ಹಾಗಂತ ಕ್ಯಾಮೆರಾ ಕೆಟ್ಟಿದೆ ಎಂದು ತಕ್ಷಣ ಬಿಚ್ಚಿ ಒಯ್ಯಬೇಕಿಲ್ಲ. ಬಹುಪಾಲು ದೋಷ ಸೆಟ್ಟಿಂಗ್, ಅಡಾಪ್ಟರ್ ಅಥವಾ ಕೂರಿಸಿದ ಜಾಗದಲ್ಲಿರುತ್ತದೆ. ಮನೆಯಲ್ಲೇ ನೋಡಿ ಸರಿಪಡಿಸಬಹುದು.

ಎರಡು ಲೆನ್ಸ್ ಯಾಕೆ?

ಇಂಥ ಬಹುತೇಕ ಕ್ಯಾಮೆರಾಗಳಲ್ಲಿ ಒಂದು ಲೆನ್ಸ್ ಅಲುಗಾಡುವುದಿಲ್ಲ. ಅಂಗಳ, ಬಾಗಿಲು ಎಲ್ಲವನ್ನೂ ಅಗಲವಾಗಿ ನೋಡುತ್ತಿರುತ್ತದೆ. ಇನ್ನೊಂದು ಲೆನ್ಸ್ ಮೋಟಾರಿನ ಮೇಲೆ ಕೂತಿದ್ದು ಎಡ-ಬಲ, ಮೇಲೆ-ಕೆಳಗೆ ತಿರುಗುತ್ತದೆ. ಕೆಲವು ಮಾದರಿಗಳಲ್ಲಿ ನಿಂತ ಲೆನ್ಸ್ ಮನುಷ್ಯನ ಆಕಾರ ಗುರುತಿಸಿ ‘ಇಲ್ಲಿದ್ದಾನೆ’ ಎಂದು ಹೇಳುತ್ತದೆ, ತಿರುಗುವ ಲೆನ್ಸ್ ಅತ್ತ ಹೋಗಿ ಹತ್ತಿರದಿಂದ ತೋರಿಸುತ್ತದೆ. ಇನ್ನು ಕೆಲವದರಲ್ಲಿ ತಿರುಗುವ ಲೆನ್ಸ್ ತನಗೆ ಕಂಡದ್ದನ್ನು ಮಾತ್ರ ಹಿಂಬಾಲಿಸುತ್ತದೆ, ನಿಂತ ಲೆನ್ಸ್‌ಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ನಿಮ್ಮದು ಯಾವ ಬಗೆ ಎಂದು ಡಬ್ಬಿಯಲ್ಲಿ ಬಂದ ಪುಸ್ತಕ ಅಥವಾ ಆ್ಯಪ್ ನೋಡಿ ತಿಳಿದುಕೊಳ್ಳಿ.

ಒಟ್ಟಿನಲ್ಲಿ ಕೆಲಸ ಮೂರು: ಗುರುತಿಸುವುದು, ದಿಕ್ಕು ಲೆಕ್ಕ ಹಾಕುವುದು, ತಿರುಗುವುದು. ಇದರಲ್ಲಿ ಯಾವುದು ಕೈಕೊಟ್ಟಿದೆ ಅಂತ ಮೊದಲು ಪತ್ತೆ ಮಾಡಬೇಕು.

ಐದು ನಿಮಿಷದ ಪರೀಕ್ಷೆ

ಒಬ್ಬರು ಮೊಬೈಲ್ ಹಿಡಿದು ಕೂರಲಿ, ಇನ್ನೊಬ್ಬರು ಕ್ಯಾಮೆರಾ ಮುಂದೆ ಎಡದಿಂದ ಬಲಕ್ಕೆ ನಿಧಾನವಾಗಿ ನಡೆಯಲಿ.

- ಆ್ಯಪ್‌ನ ಬಾಣದ ಗುರುತು ಒತ್ತಿದರೂ ಲೆನ್ಸ್ ತಿರುಗದಿದ್ದರೆ ದೋಷ ಮೋಟಾರ್ ಅಥವಾ ಕರೆಂಟಿನದು.
- ಬಾಣ ಒತ್ತಿದರೆ ತಿರುಗುತ್ತದೆ, ಆದರೆ ಜನ ನಡೆದರೂ ಅಲರ್ಟ್ ಬರುವುದಿಲ್ಲ ಅಂದರೆ ಗುರುತಿಸುವುದರಲ್ಲಿ ದೋಷ.
- ಅಲರ್ಟ್ ಬರುತ್ತದೆ, ಲೆನ್ಸ್ ಮಾತ್ರ ತಿರುಗಲ್ಲ ಅಂದರೆ ಟ್ರ್ಯಾಕಿಂಗ್ ಸ್ವಿಚ್ ಆಫ್ ಆಗಿರಬಹುದು.
- ತಿರುಗುತ್ತದೆ, ಆದರೆ ಬೇರೆ ದಿಕ್ಕಿಗೆ ಹೋಗುತ್ತದೆ ಅಂದರೆ ಎರಡು ಲೆನ್ಸ್‌ಗಳ ಹೊಂದಾಣಿಕೆ ತಪ್ಪಿದೆ.

ಒಂದು ವಿಷಯ ಗಮನದಲ್ಲಿರಲಿ. ಮೊಬೈಲ್‌ನಲ್ಲಿ ಲೈವ್ ಚಿತ್ರ ಕೆಲವು ಸೆಕೆಂಡ್ ತಡವಾಗಿ ಬರುತ್ತದೆ. ಅದನ್ನು ನೋಡಿ ‘ಕ್ಯಾಮೆರಾ ನಿಧಾನ’ ಎಂದು ತೀರ್ಮಾನಿಸಬೇಡಿ. ಮೆಮೊರಿ ಕಾರ್ಡ್‌ನಲ್ಲಿ ಆಗಿರುವ ರೆಕಾರ್ಡಿಂಗ್ ನೋಡಿ. ಸಾಮಾನ್ಯವಾಗಿ ಹಿಂಬಾಲಿಸುವ ಕೆಲಸ ಕ್ಯಾಮೆರಾ ಒಳಗೇ ನಡೆಯುತ್ತದೆ, ವೈಫೈ ನಿಧಾನ ಇದ್ದರೂ ಅದು ನಿಲ್ಲುವುದಿಲ್ಲ.

ತಿರುಗುತ್ತಲೇ ಇಲ್ಲವೇ? ಅಡಾಪ್ಟರ್ ನೋಡಿ

ಹಗಲು ಸರಿಯಾಗಿದ್ದು ರಾತ್ರಿ ಮಾತ್ರ ಕೈಕೊಡುವ ಕ್ಯಾಮೆರಾಗಳಲ್ಲಿ ಮೊದಲ ಅನುಮಾನ ಅಡಾಪ್ಟರ್ ಮೇಲೆ ಬರಬೇಕು. ರಾತ್ರಿ ಇನ್‌ಫ್ರಾರೆಡ್ ಅಥವಾ ಬಿಳಿ ಲೈಟ್ ಉರಿಯುತ್ತದೆ, ಅದರ ಜೊತೆ ಮೋಟಾರೂ ತಿರುಗಿದರೆ ಹೆಚ್ಚು ಕರೆಂಟ್ ಬೇಕು. 12 ವೋಲ್ಟ್, 2 ಆಂಪಿಯರ್ ಕೇಳುವ ಕ್ಯಾಮೆರಾಗೆ 1 ಆಂಪಿಯರ್ ಅಡಾಪ್ಟರ್ ಹಾಕಿದರೆ ತಿರುಗುವ ಹೊತ್ತಿಗೆ ಅದು ಆಫ್ ಆಗಿ ಮತ್ತೆ ಆನ್ ಆಗುತ್ತದೆ. ತೆಳ್ಳನೆ ವೈರ್ ಅನ್ನು ಮನೆಯಿಂದ ಕಣದವರೆಗೆ ಉದ್ದಕ್ಕೆ ಎಳೆದರೂ ಇದೇ ಕಥೆ, ತುದಿಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಕುಸಿದಿರುತ್ತದೆ.

ಇದನ್ನು ಗುರುತಿಸುವುದು ಸುಲಭ. ಆನ್ ಆದ ತಕ್ಷಣ ಇಂಥ ಕ್ಯಾಮೆರಾ ಒಮ್ಮೆ ಪೂರ್ತಿ ಸುತ್ತಿ ತನ್ನ ಜಾಗ ನೋಡಿಕೊಳ್ಳುತ್ತದೆ. ಯಾರೂ ಇಲ್ಲದಿದ್ದರೂ ರಾತ್ರಿ ಪದೇ ಪದೇ ಹೀಗೆ ಸುತ್ತುತ್ತಿದ್ದರೆ ಅದು ರೀಸ್ಟಾರ್ಟ್ ಆಗುತ್ತಿದೆ ಎಂದರ್ಥ. ಕ್ಯಾಮೆರಾ ಮೇಲೆ ಬರೆದಿರುವ ವೋಲ್ಟೇಜ್‌ಗೆ ಸರಿಯಾದ, ಆಂಪಿಯರ್ ಕಡಿಮೆ ಇಲ್ಲದ ಅಡಾಪ್ಟರ್ ಹಾಕಿ.

ಲೆನ್ಸ್ ಸಿಕ್ಕಿಕೊಂಡಂತೆ ಕಂಡರೆ ಪ್ಲಗ್ ತೆಗೆದು ಕಣಜದ ಗೂಡು, ಜೇಡರ ಬಲೆ, ಧೂಳು ಇದೆಯೇ ನೋಡಿ ಬಟ್ಟೆಯಿಂದ ಒರೆಸಿ. ಕರೆಂಟ್ ಇರುವಾಗ ಕೈಯಲ್ಲಿ ಹಿಡಿದು ತಿರುಗಿಸಬಾರದು, ಒಳಗಿನ ಸಣ್ಣ ಹಲ್ಲುಚಕ್ರ ಸವೆದು ಹೋಗುತ್ತದೆ.

ತೋಟದಲ್ಲಿ ಹಾಕುವ ಸೋಲಾರ್-ಬ್ಯಾಟರಿ ಕ್ಯಾಮೆರಾದ ಲೆಕ್ಕ ಬೇರೆ. ಬ್ಯಾಟರಿ ಉಳಿಸಲು ಅದು ನಿದ್ದೆ ಮಾಡುತ್ತಿರುತ್ತದೆ, ದೇಹದ ಶಾಖ ಗ್ರಹಿಸುವ ಸೆನ್ಸರ್ ಎಬ್ಬಿಸಿದ ಮೇಲೆ ಎಚ್ಚರಗೊಳ್ಳುತ್ತದೆ. ಅಷ್ಟರಲ್ಲಿ ಬೈಕಿನವನು ದಾಟಿ ಹೋಗಿರುತ್ತಾನೆ. ಈ ಸೆನ್ಸರ್ ಎದುರಿನಿಂದ ನೇರ ಬರುವವರಿಗಿಂತ ಅಡ್ಡ ಹಾಯುವವರನ್ನು ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ದಾರಿಗೆ ನೇರವಾಗಿ ಕೂರಿಸದೆ ಪಕ್ಕದಿಂದ ನೋಡುವಂತೆ ಕೂರಿಸುವುದು ಒಳ್ಳೆಯದು. ಜಗಳೂರಿನ ಬೇಸಿಗೆ ಮಧ್ಯಾಹ್ನದಲ್ಲಿ ಗಾಳಿಯ ಬಿಸಿಯೂ ಮೈಬಿಸಿಯೂ ಹತ್ತಿರ ಹತ್ತಿರ ಇರುವುದರಿಂದ ಆಗ ಸೆನ್ಸರ್ ಮಂಕಾಗುತ್ತದೆ.

ಮನುಷ್ಯನನ್ನೇ ಗುರುತಿಸುತ್ತಿಲ್ಲವೇ?

ಮೊದಲು ಆ್ಯಪ್‌ನಲ್ಲಿ ಮೋಷನ್ ಟ್ರ್ಯಾಕಿಂಗ್ ಆನ್ ಇದೆಯೇ ನೋಡಿ. ಕ್ಯಾಮೆರಾ ರೀಸೆಟ್ ಮಾಡಿದ ಮೇಲೆ, ಕೆಲವೊಮ್ಮೆ ಅಪ್‌ಡೇಟ್ ಆದ ಮೇಲೂ ಇದು ತಾನೇ ಆಫ್ ಆಗಿರುತ್ತದೆ. ನಂತರ ‘ಎಲ್ಲ ಚಲನೆ’ ಬದಲು ಹ್ಯೂಮನ್ ಡಿಟೆಕ್ಷನ್ ಆಯ್ಕೆ ಮಾಡಿ. ಆಗ ನಾಯಿ, ದನ, ಟೊಂಗೆಗಳಿಗೆ ತಿರುಗುವುದು ಕಡಿಮೆಯಾಗುತ್ತದೆ.

ಎತ್ತರವೂ ಮುಖ್ಯ. ‘ಕೈಗೆ ಸಿಗಬಾರದು’ ಅಂತ ಎರಡನೇ ಮಹಡಿಗೆ ಹಾಕಿದರೆ ಕ್ಯಾಮೆರಾಗೆ ತಲೆ ಮಾತ್ರ ಕಾಣುತ್ತದೆ, ಮನುಷ್ಯನ ಆಕಾರ ಸಿಗುವುದಿಲ್ಲ. ಎಂಟರಿಂದ ಹತ್ತು ಅಡಿ ಎತ್ತರ, ಸ್ವಲ್ಪ ಕೆಳಮುಖ, ಇಷ್ಟು ಸಾಕು. ಗಾಜಿನ ಒಳಗಿಂದ ಹೊರಗೆ ನೋಡುವಂತೆ ಇಟ್ಟರೆ ರಾತ್ರಿ ಅದರ ಬೆಳಕು ಗಾಜಿಗೆ ಬಡಿದು ಚಿತ್ರ ಬೆಳ್ಳಗಾಗುತ್ತದೆ.

ನಮ್ಮ ತಾಲ್ಲೂಕುಗಳಲ್ಲಿ ಜಾಗಕ್ಕೆ ತಕ್ಕಂತೆ ತೊಂದರೆಯೂ ಬೇರೆ ಬೇರೆ:

ಚನ್ನಗಿರಿ ಕಡೆ ಅಡಿಕೆ ಸುಗ್ಗಿಯಲ್ಲಿ ಬೇಯಿಸುವ ಒಲೆಯ ಹೊಗೆ, ಹಬೆ, ಮುಚ್ಚಿದ ಟಾರ್ಪಾಲು ಹಾರಾಡುವುದು ಎಲ್ಲವೂ ಕ್ಯಾಮೆರಾಗೆ ‘ಚಲನೆ’ಯೇ. ಒಲೆಯ ಜಾಗವನ್ನು ಡಿಟೆಕ್ಷನ್ ಝೋನ್‌ನಿಂದ ಹೊರಗಿಟ್ಟು, ಒಣಗಿಸುವ ಅಂಗಳ ಮತ್ತು ಚೀಲ ಇಟ್ಟ ಕೋಣೆಯ ಬಾಗಿಲನ್ನು ಮಾತ್ರ ಗುರುತು ಮಾಡಿ.

ಹೊನ್ನಾಳಿಯಂತಹ ಹೊಳೆ ದಂಡೆಯ ಊರುಗಳಲ್ಲಿ ಮಳೆಗಾಲದ ಹುಳುಗಳ ಕಾಟ. ಲೆನ್ಸ್ ಪಕ್ಕದ ಲೈಟ್‌ಗೆ ಬರುವ ಹುಳು, ಅದನ್ನು ತಿನ್ನಲು ಬರುವ ಹಲ್ಲಿ, ಬಲೆ ಕಟ್ಟುವ ಜೇಡ ರಾತ್ರಿಯಿಡೀ ಅಲರ್ಟ್ ಕೊಡಿಸುತ್ತವೆ. ಕ್ಯಾಮೆರಾದಿಂದ ಸ್ವಲ್ಪ ದೂರ ಬೇರೆ ಬಲ್ಬ್ ಹಾಕಿ, ಕ್ಯಾಮೆರಾದ ಸ್ವಂತ ಬಿಳಿ ಲೈಟ್ ಆಫ್ ಮಾಡಿದರೆ ಹುಳು ಅತ್ತ ಹೋಗುತ್ತವೆ.

ಜಗಳೂರು ಕಡೆ ಗಾಳಿ, ಧೂಳು. ಕಂಬಕ್ಕೆ ಕಟ್ಟಿದ ಕ್ಯಾಮೆರಾ ತಾನೇ ಅಲ್ಲಾಡಿದರೆ ಇಡೀ ಚಿತ್ರವೇ ಚಲಿಸಿದಂತೆ ಕಾಣುತ್ತದೆ. ಸೆನ್ಸಿಟಿವಿಟಿ ಇಳಿಸುವ ಮೊದಲು ಕ್ಲಾಂಪ್ ಬಿಗಿ ಮಾಡಿ.

ನ್ಯಾಮತಿ ಪೇಟೆಯಂತೆ ರಸ್ತೆಗೆ ಅಂಟಿದ ಅಂಗಡಿಗಳಲ್ಲಿ ವಾಹನದ ಲೈಟ್ ಮತ್ತು ಜನಸಂದಣಿ ಸಮಸ್ಯೆ. ನಾಲ್ಕು ಜನ ಇದ್ದರೆ ಕ್ಯಾಮೆರಾ ಯಾರೋ ಒಬ್ಬರ ಹಿಂದೆ ಹೋಗುತ್ತದೆ. ಅಷ್ಟರಲ್ಲಿ ಗಲ್ಲಾ ಪೆಟ್ಟಿಗೆ ಕಡೆ ಬಂದವನು ಆ ಲೆನ್ಸ್‌ಗೆ ಕಾಣುವುದಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಟ್ರ್ಯಾಕಿಂಗ್ ಆಫ್ ಇಟ್ಟು, ಶಟರ್ ಎಳೆದ ಮೇಲೆ ಆನ್ ಆಗುವಂತೆ ಟೈಮ್ ಹಾಕುವುದು ಜಾಣತನ.

ಬೇರೆ ದಿಕ್ಕಿಗೆ ತಿರುಗುತ್ತಿದ್ದರೆ

ಕೋತಿ ಜೋತುಬಿದ್ದೋ, ಬಣ್ಣ ಬಳಿಯುವಾಗ ಏಣಿ ತಾಗಿಯೋ ಕ್ಯಾಮೆರಾ ವಾಲಿದ್ದರೆ ಮೊದಲು ನೆಟ್ಟಗೆ ಕೂರಿಸಿ. ಆಮೇಲೆ ಆ್ಯಪ್‌ನಲ್ಲಿ ಕ್ಯಾಲಿಬ್ರೇಷನ್ ಒತ್ತಿದರೆ ಲೆನ್ಸ್ ಪೂರ್ತಿ ಸುತ್ತಿ ತನ್ನ ಮೂಲ ಜಾಗ ಗುರುತಿಸಿಕೊಳ್ಳುತ್ತದೆ. ಎರಡೂ ಲೆನ್ಸ್ ಹೊಂದಿಸುವ ಆಯ್ಕೆ ಇದ್ದರೆ ಎರಡೂ ಚಿತ್ರದಲ್ಲಿ ಒಂದೇ ವಸ್ತು, ಉದಾಹರಣೆಗೆ ಬಾಗಿಲ ಮೂಲೆ, ನಡುವೆ ಬರುವಂತೆ ಮಾಡಿ ಉಳಿಸಿ. ಸೂರಿಗೆ ತಲೆಕೆಳಗಾಗಿ ಹಾಕಿದ್ದರೆ ಇಮೇಜ್ ಫ್ಲಿಪ್ ಆನ್ ಇರಬೇಕು.

ಹಿಂಬಾಲಿಸಿದ ಮೇಲೆ ವಾಪಸ್ ಬರದಿದ್ದರೆ ಹೋಮ್ ಪೊಸಿಷನ್ ಹಾಕಿಲ್ಲ ಎಂದರ್ಥ. ಬಾಗಿಲಿಗೆ ಲೆನ್ಸ್ ತಿರುಗಿಸಿ ಅದನ್ನೇ ಮೂಲ ಜಾಗವಾಗಿ ಉಳಿಸಿ. ತಾನೇ ಸುತ್ತು ಹೊಡೆಯುವ ಪೆಟ್ರೋಲ್ ಅಥವಾ ಕ್ರೂಸ್ ಆನ್ ಇದ್ದರೆ ಆಫ್ ಮಾಡಿ, ಟ್ರ್ಯಾಕಿಂಗ್ ಜೊತೆ ಅದು ಜಗಳವಾಡುತ್ತದೆ. ಅನೇಕ ಕ್ಯಾಮೆರಾಗಳು ಪೂರ್ತಿ 360 ಡಿಗ್ರಿ ಸುತ್ತುವುದಿಲ್ಲ, ಒಂದು ಕಡೆ ಬಂದು ನಿಲ್ಲುತ್ತವೆ. ಆ ಕೊನೆಯ ಜಾಗ ಗೋಡೆ ಕಡೆ ಬರುವಂತೆ ಕೂರಿಸಬೇಕು.

ನಿಂತ ಲೆನ್ಸೇ ನಿಜವಾದ ಕಾವಲುಗಾರ

ತಿರುಗುವ ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಒಂದು ಹೊತ್ತಿಗೆ ಒಂದೇ ಕಡೆ ನೋಡಬಲ್ಲದು. ಆದ್ದರಿಂದ ಶಟರ್, ಗಲ್ಲಾ, ಗೋದಾಮಿನ ಬಾಗಿಲು ನಿಂತ ಲೆನ್ಸ್‌ಗೆ ಕಾಣುವಂತಿರಲಿ, ಅದರ ರೆಕಾರ್ಡಿಂಗ್ ಸದಾ ನಡೆಯುತ್ತಿರಲಿ.

ರೆಕಾರ್ಡಿಂಗ್ ಎಲ್ಲಿ ಉಳಿಯುತ್ತದೆ ಅನ್ನುವುದೂ ಅಷ್ಟೇ ಮುಖ್ಯ. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕೆ.ಜಿ.ಗೂ ಹೆಚ್ಚು ಚಿನ್ನಾಭರಣ ದೋಚಿದವರು ಹೋಗುವಾಗ ಸಿಸಿ ಕ್ಯಾಮೆರಾದ ಡಿವಿಆರ್ ಅನ್ನೂ ಒಯ್ದಿದ್ದರು. ಪೊಲೀಸರು ಪ್ರಕರಣ ಭೇದಿಸಿ, ತಮಿಳುನಾಡಿನ ಮಧುರೈ ಜಿಲ್ಲೆಯ ಬಾವಿಯೊಂದರಿಂದ ಚಿನ್ನ ಹೊರತೆಗೆದ ಸುದ್ದಿ ಬರುವಾಗ 2025ರ ಮಾರ್ಚ್ ಕೊನೆಯಾಗಿತ್ತು. ಮನೆ, ಅಂಗಡಿಯವರಿಗೆ ಇದರಲ್ಲಿ ಪಾಠವಿದೆ. ಕಾರ್ಡ್ ಕ್ಯಾಮೆರಾ ಒಳಗಿದ್ದರೆ ಕ್ಯಾಮೆರಾ ಕಿತ್ತವನ ಜೊತೆ ಸಾಕ್ಷಿಯೂ ಹೋಗುತ್ತದೆ. ಕ್ಲೌಡ್‌ನಲ್ಲೋ, ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟ ರೆಕಾರ್ಡರ್‌ನಲ್ಲೋ ಇನ್ನೊಂದು ಪ್ರತಿ ಇರಲಿ.

ಕರೆಂಟ್ ಹೋಗಿ ಬಂದಾಗ ಇಂಟರ್ನೆಟ್ ಸಿಗದಿದ್ದರೆ ಕೆಲವು ಕ್ಯಾಮೆರಾಗಳ ಗಡಿಯಾರ 1970ಕ್ಕೆ ಹೋಗಿ ಕೂರುತ್ತದೆ. ತಪ್ಪು ದಿನಾಂಕದ ವಿಡಿಯೊ ಹಿಡಿದು ಠಾಣೆಗೆ ಹೋದರೆ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ. ಘಟನೆ ನಡೆದರೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ತುಣುಕು ಮೂಲ ಸಾಕ್ಷಿಗೆ ಸಮವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರವೂ ಬೇಕು. ಮೂಲ ಕಾರ್ಡ್ ಹಾಗೇ ಇಟ್ಟು ಪೊಲೀಸರಿಗೆ ತೋರಿಸಿ.

ದೊಡ್ಡ ಮಳಿಗೆ, ಕಲ್ಯಾಣ ಮಂಟಪದವರಿಗೆ ಇನ್ನೊಂದು ಮಾತು. ಒಂದೇ ಹೊತ್ತಿಗೆ 100 ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಸಿಸಿ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಕಾಯ್ದಿಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ.

ಪಕ್ಕದ ಮನೆಗೆ ಇಣುಕದಿರಲಿ

ತಿರುಗುವ ಕ್ಯಾಮೆರಾ ಪಕ್ಕದವರ ಹಿತ್ತಲು, ಬಚ್ಚಲ ಕಡೆ ಹೋಗಿ ನಿಂತರೆ ಜಗಳ ಗ್ಯಾರಂಟಿ. ತಿರುಗುವ ಮಿತಿ ಹಾಕಿ, ಇಲ್ಲವೇ ಆ ಭಾಗವನ್ನು ಪ್ರೈವಸಿ ಮಾಸ್ಕ್‌ನಿಂದ ಮುಚ್ಚಿ. ಕ್ಯಾಮೆರಾ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ, ಹಾಕಿಕೊಟ್ಟವರ ಮೊಬೈಲ್‌ನಲ್ಲಿ ಲಾಗಿನ್ ಉಳಿದಿದ್ದರೆ ತೆಗೆಸಿ.

ಅಮಾವಾಸ್ಯೆಗೊಮ್ಮೆ ಪರೀಕ್ಷೆ

ಅಮಾವಾಸ್ಯೆ ದಿನ ಅಂಗಡಿ ಪೂಜೆ ಮಾಡುವವರು ಅಂದೇ ರಾತ್ರಿ ಕ್ಯಾಮೆರಾವನ್ನೂ ಒಮ್ಮೆ ನೋಡಲಿ. ತಿಂಗಳಲ್ಲೇ ಹೆಚ್ಚು ಕತ್ತಲಿನ ರಾತ್ರಿ ಅದು. ಲೆನ್ಸ್ ಒರೆಸಿ, ದಿನಾಂಕ ನೋಡಿ, ಮನೆಯವರನ್ನು ಶಟರ್ ಮುಂದೆ ನಡೆಸಿ, ಕಾರ್ಡ್‌ನಲ್ಲಿ ಮುಖ ಗುರುತು ಸಿಗುತ್ತದೆಯೇ ನೋಡಿ. ಅಂದು ಸಿಕ್ಕರೆ ಉಳಿದ ರಾತ್ರಿಗಳಲ್ಲೂ ಸಿಗುವ ಭರವಸೆ ಇರುತ್ತದೆ. ಯಾರಾದರೂ ಒಳನುಗ್ಗುತ್ತಿರುವುದು ಮೊಬೈಲ್‌ನಲ್ಲಿ ಕಂಡರೆ ಒಬ್ಬರೇ ಓಡಿ ಹೋಗಬೇಡಿ, ಮೊದಲು 112ಕ್ಕೆ ಕರೆ ಮಾಡಿ.